ಲಾರಿಯನ್ನು ಎಬ್ಬಿಸುವ ವಿದ್ಯೆ

೧

ಚರಿತ್ರೆಯೆಂದರೆ ಅರಸುಗಳ ವಂಶಾವಳಿ, ಯುದ್ಧ, ಸಂಧಿ, ದಾನಶಾಸನ ಇವುಗಳ ವೃತ್ತಾಂತವೆಂಬ ಭಾವನೆ ಬಹುಕಾಲದಿಂದ ರೂಢಮೂಲವಾಗಿದೆ. ಜನಸಾಮಾನ್ಯರು ಹೊಟ್ಟೆಯ ಪಾಡಿಗಾಗಿ ಕಲಿತು, ಕೈಯಿಂದ ಕೈಗೆ ದಾಟಿಸಿ, ಕಡೆಗೆ ಕಾಲದ ಬದಲಾವಣೆಯಲ್ಲಿ ಕಳೆದುಕೊಂಡ ವಿದ್ಯೆಗಳಿಗೆ ಚರಿತ್ರೆಯ ಗ್ರಂಥಗಳಲ್ಲಿ ಎಡೆ ದೊರೆಯುವುದು ವಿರಳ. ನೇಯ್ಗೆ, ಕಮ್ಮಾರಿಕೆ, ಗಾಣ ಮೊದಲಾದ ಪುರಾತನ ಕಸುಬುಗಳ ಕಡೆಗಾದರೂ ವಿದ್ವಾಂಸರ ದೃಷ್ಟಿ ಹರಿದಿದೆ. ಮೋಟಾರುಯುಗದಲ್ಲಿ ಹುಟ್ಟಿ ಮೋಟಾರುಯುಗದಲ್ಲಿಯೇ ಅಳಿದ ಕಸುಬುಗಳಾದರೋ ಇನ್ನೂ ಹೆಚ್ಚಿನ ಅನಾದರಕ್ಕೆ ಪಾತ್ರವಾಗಿವೆ. ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಪೆಟ್ರೋಲ್ ಲಾರಿಯನ್ನು ಮುಂಜಾನೆ ಎಬ್ಬಿಸುವುದು, ಮಧ್ಯಾಹ್ನದ ಬಿಸಿಲಿನಲ್ಲಿ ಕಾದು ನಿಂತುಹೋದ ಅದೇ ಲಾರಿಯನ್ನು ಮತ್ತೆ ಹೊರಡಿಸುವುದು—ಇದು ಅಂಥದೊಂದು ವಿದ್ಯೆ. ಅದು ಸುಮಾರು ಅರ್ಧ ಶತಮಾನ ಬಾಳಿತು. ಅನೇಕ ಸಂಸಾರಗಳಿಗೆ ಅನ್ನವನ್ನು ಕೊಟ್ಟಿತು. ಬಳಿಕ ಸದ್ದಿಲ್ಲದೆ ಮರೆಯಾಯಿತು.

ಬೆಂಗಳೂರಿನ ಹೊರವಲಯದಲ್ಲಿ ಈ ವಿದ್ಯೆಯ ಏಳುಬೀಳುಗಳನ್ನು ಒಂದೇ ನೋಟದಲ್ಲಿ ಕಾಣಬಹುದಾಗಿದೆ. ಇಂದು ಪೀಣ್ಯವೆಂದರೆ ಕಾರ್ಖಾನೆಗಳ ಸಾಲು, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯೆಂದರೆ ಗಣಕಯಂತ್ರಗಳ ಉದ್ಯೋಗ. ಮೊದಲು ಇವು ಊರ ಹೊರಗಿನ ದಾರಿಗಳ ಬದಿಯ ಹಳ್ಳಿಗಳು. ಪೀಣ್ಯ ತುಮಕೂರು ರಸ್ತೆಯ ಮಗ್ಗುಲಲ್ಲಿತ್ತು. ಎಲೆಕ್ಟ್ರಾನಿಕ್ ಸಿಟಿ ಹಬ್ಬಿಕೊಂಡಿರುವ ಕೋನಪ್ಪನ ಅಗ್ರಹಾರ ಹೊಸೂರು ರಸ್ತೆಯ ಮೇಲಿತ್ತು. ಹಳೆಯ ಮದರಾಸು ರಸ್ತೆಯಿಂದ ತೆಂಕಣಕ್ಕಿರುವ ವೈಟ್‌ಫೀಲ್ಡ್, ಮಹಾರಾಜ ಚಾಮರಾಜೇಂದ್ರ ಒಡೆಯರವರು ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಕೊಟ್ಟ ಭೂಮಿಯಲ್ಲಿ ಎದ್ದ ಸಣ್ಣ ವಸಾಹತು. ರಾಗಿಯ ಹೊಲಗಳ ನಡುವೆ ಹಾದುಹೋಗುತ್ತಿದ್ದ ಈ ಮೂರು ದಾರಿಗಳಲ್ಲಿ ಎತ್ತಿನ ಗಾಡಿಗಳ ಸಾಲನ್ನು ದಾಟಿಕೊಂಡು ಮೊದಲ ಮೋಟಾರು ಲಾರಿಗಳು ಓಡಿದುವು.

೨

ಪೆಟ್ರೋಲ್ ಎಂಜಿನ್ನು ತಾನಾಗಿ ಏಳಲಾರದು. ಉಗಿಯಂತ್ರಕ್ಕೆ ಉಗಿಯನ್ನು ಬಿಟ್ಟರೆ ಅದು ಚಲಿಸತೊಡಗುತ್ತದೆ. ಎತ್ತನ್ನು ಚಪ್ಪರಿಸಿದರೆ ಹೆಜ್ಜೆಯಿಡುತ್ತದೆ. ಪೆಟ್ರೋಲ್ ಎಂಜಿನ್ನನ್ನಾದರೋ ಮೊದಲು ಹೊರಗಿನ ಬಲವೊಂದು ತಿರುಗಿಸಿ, ಗಾಳಿಯನ್ನೂ ಪೆಟ್ರೋಲನ್ನೂ ಒಳಕ್ಕೆ ಎಳೆಯಿಸಿ, ಒತ್ತಿಸಿ, ಕಿಡಿಯನ್ನು ಹಾರಿಸಬೇಕು. ಈ ಮೂರರಲ್ಲಿ ಒಂದು ಕೆಟ್ಟರೂ ಯಂತ್ರ ಮೂಕವಾಗಿಯೇ ಉಳಿಯುವುದು.

ಗಾಳಿಗೂ ಪೆಟ್ರೋಲಿಗೂ ಮೇಳನ ಮಾಡಿಸುವ ಉಪಕರಣವೇ ಕಾರ್ಬುರೇಟರು. ಸಣ್ಣ ರಂಧ್ರದಿಂದ ಪೆಟ್ರೋಲನ್ನು ತುಂತುರಾಗಿ ಚಿಮ್ಮಿಸುವ ಕಾರ್ಬುರೇಟರನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ೧೮೯೩ರ ಸುಮಾರಿಗೆ ಸಿದ್ಧಪಡಿಸಿದನು. ಸುಮಾರು ಹದಿನೈದು ಪಾಲು ತೂಕದ ಗಾಳಿಗೆ ಒಂದು ಪಾಲು ಪೆಟ್ರೋಲು ಬೆರೆತರೆ ದಹನ ಪೂರ್ಣವಾಗುತ್ತದೆ. ಆದರೆ ಉರಿಯುವುದು ದ್ರವವಲ್ಲ, ಆವಿ. ಎಂಜಿನ್ನು ತಣ್ಣಗಿದ್ದಾಗ ಚಿಮ್ಮಿದ ಪೆಟ್ರೋಲಿನ ಅಲ್ಪಭಾಗ ಮಾತ್ರ ಆವಿಯಾಗಿ, ಉಳಿದುದು ಕೊಳವೆಯ ಗೋಡೆಗೆ ಹನಿಹನಿಯಾಗಿ ಅಂಟಿಕೊಳ್ಳುತ್ತದೆ. ಆದಕಾರಣ ತಣ್ಣನೆಯ ಎಂಜಿನ್ನಿಗೆ ಪೆಟ್ರೋಲನ್ನು ಲೆಕ್ಕಕ್ಕಿಂತ ಹಲವು ಪಾಲು ಹೆಚ್ಚಾಗಿ ಕೊಡಬೇಕು. ಗಾಳಿಯ ದಾರಿಯನ್ನು ಮುಚ್ಚಿ ಹೀಗೆ ಹೆಚ್ಚು ಪೆಟ್ರೋಲನ್ನು ಎಳೆಯಿಸುವ ತಗಡಿನ ಬಾಗಿಲಿಗೆ ಚೋಕು ಎಂದು ಹೆಸರು.

ಬೆಂಗಳೂರಿನ ಸನ್ನಿವೇಶ ಈ ವಿಷಯದಲ್ಲಿ ವಿಶೇಷವಾದುದು. ಊರು ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಲ ತೀರದಲ್ಲಿರುವುದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಮೆ. ಮದರಾಸಿನ ಬಯಲಿಗೆ ಹೊಂದಿಸಿದ ಕಾರ್ಬುರೇಟರು ಘಟ್ಟವೇರಿ ಬಂದೊಡನೆ ಗಾಳಿಗೆ ಮೀರಿದ ಪೆಟ್ರೋಲನ್ನು ಉಣಿಸತೊಡಗುತ್ತಿತ್ತು. ಧನುರ್ಮಾಸದ ಮುಂಜಾನೆಗಳಲ್ಲಿ ಇಲ್ಲಿಯ ಚಳಿಯೂ ಅಲ್ಪವಲ್ಲ; ೧೮೮೪ರ ಜನವರಿ ೧೩ರಂದು ಉಷ್ಣಮಾನ ೭.೮ ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದಿತ್ತು. ಹೀಗಾಗಿ ಚಳಿಗೆಂದು ಚೋಕನ್ನು ಎಳೆಯಬೇಕು. ಎತ್ತರದ ದೆಸೆಯಿಂದ ಅದನ್ನು ಬೇಗನೆ ಬಿಡಬೇಕು. ಒಂದು ಕ್ಷಣ ತಡವಾದರೆ ಕಿಡಿಯ ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ದು ಕೂರುವುವು. ಆಗ ಅವುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಬೆಂಕಿಗೆ ಹಿಡಿದು ಒಣಗಿಸಿ, ಮರಳಿ ಕೂರಿಸಿದ ಹೊರತು ಗತ್ಯಂತರವಿರಲಿಲ್ಲ.

೩

ಎಂಜಿನ್ನನ್ನು ತಿರುಗಿಸುತ್ತಿದ್ದ ಹೊರಗಿನ ಬಲವಾವುದು? ಅದು ಮನುಷ್ಯನ ತೋಳು. ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದುದು ೧೯೦೫ರಲ್ಲಿ. ಆ ಬಳಿಕ ಹಲವು ದಶಕಗಳವರೆಗೂ ಅದೇ ಬೀದಿಗಳ ಲಾರಿಗಳನ್ನು ಎಬ್ಬಿಸುತ್ತಿದ್ದುದು ಕಬ್ಬಿಣದ ಡೊಂಕು ಹಿಡಿ. ಅದಕ್ಕೆ ಜನರು ಹ್ಯಾಂಡಲ್ ಎಂದರು; ಅದನ್ನು ತಿರುಗಿಸುವುದಕ್ಕೆ ‘ಹ್ಯಾಂಡಲ್ ಹೊಡೆಯುವುದು’ ಎಂಬ ಮಾತೇ ರೂಢಿಗೆ ಬಂದಿತು. ಆ ಮಾತಿನಲ್ಲಿರುವ ಹೊಡೆತ ಅಲಂಕಾರವಲ್ಲ. ಎಂಜಿನ್ನು ಒಮ್ಮೊಮ್ಮೆ ತಿರುಗಿ ಹೊಡೆಯುತ್ತಿತ್ತು.

ಇದರ ಕಾರಣ ಸರಳವಾದುದು. ಎಂಜಿನ್ನು ವೇಗವಾಗಿ ಓಡುವಾಗ ಕಿಡಿ ಸ್ವಲ್ಪ ಮುಂಚಿತವಾಗಿ ಹಾರಬೇಕು. ಕೈಯಿಂದ ಮೆಲ್ಲಗೆ ತಿರುಗಿಸುವಾಗ ತಡವಾಗಿ ಹಾರಬೇಕು. ಹಳೆಯ ವಾಹನಗಳಲ್ಲಿ ಈ ಕಾಲವನ್ನು ಹೊಂದಿಸಲು ಚಕ್ರದ ಕೆಳಗೆ ಒಂದು ಸನ್ನೆ ಇರುತ್ತಿತ್ತು. ಅದನ್ನು ಹಿಂದಕ್ಕೆ ಸರಿಸಲು ಮರೆತು ಹ್ಯಾಂಡಲ್ ಹೊಡೆದರೆ, ಒತ್ತುಗೊಳವೆ ಮೇಲಕ್ಕೆ ಮುಟ್ಟುವ ಮೊದಲೇ ಕಿಡಿ ಹಾರಿ ಎಂಜಿನ್ನು ಹಿಮ್ಮುಖವಾಗಿ ಒದೆಯುತ್ತಿತ್ತು. ಆ ಒದೆತಕ್ಕೆ ಮುಂಗೈಯ ಮೂಳೆ ಮುರಿಯುತ್ತಿತ್ತು. ವೈದ್ಯಶಾಸ್ತ್ರದಲ್ಲಿ ಮಣಿಕಟ್ಟಿನ ಬಳಿಯ ಒಂದು ಬಗೆಯ ಮೂಳೆಮುರಿತಕ್ಕೆ ‘ಮೋಟಾರು ಚಾಲಕನ ಮುರಿತ’ ಎಂಬ ಹೆಸರು ಇಂದಿಗೂ ನಿಂತಿರುವುದು ಈ ಕಾರಣದಿಂದಲೇ. ಆದುದರಿಂದ ಹೊಸಬನಿಗೆ ಮೊದಲ ಪಾಠವೆಂದರೆ ಹೆಬ್ಬೆರಳಿನದು: ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸಬಾರದು, ಉಳಿದ ಬೆರಳುಗಳ ಜೊತೆಯಲ್ಲಿಯೇ ಮಡಿಸಿಕೊಳ್ಳಬೇಕು. ಎರಡನೆಯ ಪಾಠ ದಿಕ್ಕಿನದು: ಹಿಡಿಯನ್ನು ಕೆಳಗಿನಿಂದ ಮೇಲಕ್ಕೆ ಸೆಳೆಯಬೇಕಲ್ಲದೆ ಮೇಲಿನಿಂದ ಕೆಳಕ್ಕೆ ಮೈಭಾರ ಬಿಟ್ಟು ಅದುಮಬಾರದು. ಸೆಳೆಯುವ ಕೈ ಒದೆತ ಬಂದಾಗ ಬಿಚ್ಚಿಕೊಳ್ಳುತ್ತದೆ. ಅದುಮುವ ಕೈ ಮುರಿಯುತ್ತದೆ.

೧೯೦೮ರಿಂದ ೧೯೨೭ರವರೆಗೆ ಸುಮಾರು ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ‘ಟಿ’ ಮಾದರಿಯ ಎಂಜಿನ್ನಿನಲ್ಲಿ ಒತ್ತುವಿಕೆಯ ಪ್ರಮಾಣ ನಾಲ್ಕು ಇಲ್ಲವೆ ನಾಲ್ಕೂವರೆ ಪಟ್ಟು ಮಾತ್ರ. ಒಬ್ಬನ ತೋಳಿಗೆ ಅದು ವಶವಾಗುತ್ತಿತ್ತು. ವಿದ್ಯುತ್ತಿನಿಂದ ಎಂಜಿನ್ನನ್ನು ತಿರುಗಿಸುವ ಉಪಾಯವನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕಂಡುಹಿಡಿದು, ಅದು ೧೯೧೨ರಲ್ಲಿ ಕ್ಯಾಡಿಲಾಕ್ ಗಾಡಿಗಳಲ್ಲಿ ಬಳಕೆಗೆ ಬಂದಿತು. ಜನರ ಬಾಯಲ್ಲಿ ‘ಸೆಲ್ಫ್’ ಎನಿಸಿಕೊಂಡ ಈ ಉಪಕರಣ ೧೯೨೮ರಿಂದ ಮುಂಬಯಿಯಲ್ಲಿ ಜೋಡಿಸಲ್ಪಡುತ್ತಿದ್ದ ಷೆವರ್ಲೆ ಲಾರಿಗಳಲ್ಲಿಯೂ ಇತ್ತು. ಆದರೆ ಸೆಲ್ಫ್ ಇದ್ದ ಮಾತ್ರಕ್ಕೆ ಹ್ಯಾಂಡಲ್ ಹೋಗಲಿಲ್ಲ. ಅಂದಿನ ಬ್ಯಾಟರಿ ಬಹುಮಟ್ಟಿಗೆ ಆರು ವೋಲ್ಟಿನದು. ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತಿತ್ತು. ಅದೇ ಚಳಿಯಲ್ಲಿ ಎಂಜಿನ್ನಿನ ಎಣ್ಣೆ ಗಟ್ಟಿಯಾಗಿ ತಿರುಗಿಸುವ ಭಾರ ಹೆಚ್ಚುತ್ತಿತ್ತು. ಹೊಸ ಬ್ಯಾಟರಿಗೆ ತೆರಬೇಕಾದ ಹಣಕ್ಕಿಂತ ಹುಡುಗನೊಬ್ಬನ ತೋಳು ಅಗ್ಗವಾಗಿತ್ತೆಂಬುದನ್ನೂ ಚರಿತ್ರೆ ಮರೆಮಾಚಬಾರದು.

ಆ ಹುಡುಗನೇ ಕ್ಲೀನರು. ಲಾರಿಯನ್ನು ತೊಳೆಯುವವನೆಂದು ಆ ಹೆಸರು ಬಂದರೂ ಅವನ ಕೆಲಸ ಬೆಳಗಿನ ಜಾವದಲ್ಲಿಯೇ ತೊಡಗುತ್ತಿತ್ತು. ಪಂಪಿನ ಸಣ್ಣ ಸನ್ನೆಯನ್ನು ಕೈಯಿಂದ ಮೀಟಿ ಕಾರ್ಬುರೇಟರಿನ ಬಟ್ಟಲನ್ನು ತುಂಬಿಸಬೇಕು; ಚೋಕನ್ನು ಮುಚ್ಚಿ, ಕಿಡಿಯನ್ನು ಬಿಡದೆ, ಎರಡು ಮೂರು ಸುತ್ತು ತಿರುಗಿಸಿ ಪೆಟ್ರೋಲನ್ನು ಒಳಕ್ಕೆಳೆಯಿಸಬೇಕು; ಬಳಿಕ ಕಿಡಿಯ ಬೀಗವನ್ನು ತಿರುಗಿಸಿ ಒಂದೇ ಸೆಳೆತಕ್ಕೆ ಎಬ್ಬಿಸಬೇಕು. ಎದ್ದೊಡನೆ ಅದರ ದನಿಗೆ ಕಿವಿಗೊಟ್ಟು ಚೋಕನ್ನು ಕೂದಲೆಳೆಯಷ್ಟಷ್ಟಾಗಿ ಬಿಡಬೇಕು. ದನಿ ಒಣಗಿ ಕೆಮ್ಮಿದರೆ ಪೆಟ್ರೋಲು ಸಾಲದು. ಮಂದವಾಗಿ ಕರಿಹೊಗೆ ಕಾರಿದರೆ ಹೆಚ್ಚಾಯಿತು. ಇದನ್ನು ಯಾವ ಪುಸ್ತಕವೂ ಅವನಿಗೆ ಹೇಳಿಕೊಡಲಿಲ್ಲ. ಹೇಳಿದ ಪುಸ್ತಕಗಳು ಅವನು ಓದಲಾರದ ಭಾಷೆಯಲ್ಲಿದ್ದುವು.

ಬಿಸಿ ಎಂಜಿನ್ನಿನ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಓಡುತ್ತಿರುವಾಗ ಬೀಸಣಿಗೆಯ ಗಾಳಿ ಎಂಜಿನ್ನಿನ ಕಾವನ್ನು ಕಳೆಯುತ್ತದೆ. ನಿಲ್ಲಿಸಿದ ಕೂಡಲೆ ಗಾಳಿಯೂ ನೀರಿನ ಸಂಚಾರವೂ ನಿಂತು ಒಳಗಿನ ಕಾವೆಲ್ಲ ಮೇಲಕ್ಕೇರಿ ಪಂಪನ್ನೂ ಕೊಳವೆಯನ್ನೂ ಮುತ್ತುತ್ತದೆ. ಪೆಟ್ರೋಲು ನಲವತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುವ ವಸ್ತು. ಕೊಳವೆಯಲ್ಲಿ ಅದು ಕುದಿದು ಆವಿಯಾದರೆ, ದ್ರವವನ್ನು ತಳ್ಳಲು ರಚಿತವಾದ ಪಂಪು ಆವಿಯನ್ನು ತಳ್ಳಲಾರದೆ ಎಂಜಿನ್ನು ಉಪವಾಸ ಬೀಳುತ್ತದೆ. ಇದೊಂದು ಬಗೆ. ಕಾರ್ಬುರೇಟರಿನ ಬಟ್ಟಲಿನಲ್ಲಿಯೇ ಪೆಟ್ರೋಲು ಕುದಿದು ಉಕ್ಕಿದರೆ ಎಂಜಿನ್ನಿನೊಳಕ್ಕೆ ಬೇಡದಷ್ಟು ಸುರಿದು ಅಜೀರ್ಣವಾಗುತ್ತದೆ. ಇದು ಇನ್ನೊಂದು ಬಗೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ: ಎಂಜಿನ್ನು ತಿರುಗುತ್ತದೆ, ಏಳುವುದಿಲ್ಲ. ಚಿಕಿತ್ಸೆಯಾದರೋ ಒಂದಕ್ಕೊಂದು ವಿರುದ್ಧ. ಮೊದಲನೆಯದಕ್ಕೆ ಪಂಪಿನ ಮೇಲೆ ಒದ್ದೆಯ ಗೋಣಿಬಟ್ಟೆಯನ್ನು ಹೊದಿಸಿ, ಆವಿ ಮರಳಿ ದ್ರವವಾಗುವವರೆಗೆ ಕಾದು, ಸನ್ನೆಯನ್ನು ಮೀಟಿ ಪೆಟ್ರೋಲು ತರಿಸಬೇಕು. ಎರಡನೆಯದಕ್ಕೆ ಚೋಕನ್ನು ಮುಟ್ಟದೆ, ವೇಗದ ತುಳಿಗೆಯನ್ನು ಪೂರ್ತಿಯಾಗಿ ಅದುಮಿ ಹಿಡಿದು, ಗಾಳಿಯನ್ನು ಧಾರಾಳವಾಗಿ ಬಿಟ್ಟು, ಹೆಚ್ಚಿದ ಪೆಟ್ರೋಲು ಕಳೆಯುವವರೆಗೆ ತಿರುಗಿಸಬೇಕು. ಯಾವುದು ಯಾವುದೆಂದು ತಿಳಿಯಲು ಇದ್ದ ಸಾಧನ ಮೂಗು ಒಂದೇ. ಎಂಜಿನ್ನಿನ ಬಳಿ ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಅಜೀರ್ಣ, ಇಲ್ಲದಿದ್ದರೆ ಉಪವಾಸ. ವೈದ್ಯನು ನಾಡಿ ಹಿಡಿದಂತೆ ಕ್ಲೀನರು ಈ ನಿದಾನವನ್ನು ಮಾಡುತ್ತಿದ್ದನು.

೪

ಎರಡನೆಯ ಮಹಾಯುದ್ಧ ಈ ವಿದ್ಯೆಯನ್ನು ತಲೆಕೆಳಗು ಮಾಡಿತು. ೧೯೪೧ರಲ್ಲಿ ಇಂಡಿಯಾದಲ್ಲಿ ಪೆಟ್ರೋಲಿನ ಪಡಿತರ ಜಾರಿಗೆ ಬಂದಿತು. ೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾಗುವಾಗ ಅಲ್ಲಿಯ ಎಣ್ಣೆಯ ಬಾವಿಗಳನ್ನು ಬ್ರಿಟಿಷರೇ ನಾಶಗೊಳಿಸಿ ಹಿಮ್ಮೆಟ್ಟಿದರು. ಇತ್ತ ಬೆಂಗಳೂರು ದೊಡ್ಡ ಸೇನಾನೆಲೆಯಾಯಿತು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಪ್ರಯತ್ನದಿಂದ ಮೈಸೂರು ಸರ್ಕಾರದ ನೆರವಿನೊಡನೆ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಹಳೆಯ ಮದರಾಸು ರಸ್ತೆಗೂ ವೈಟ್‌ಫೀಲ್ಡಿಗೂ ನಡುವಣ ಸೀಮೆಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಗೆ ತೊಡಗಿತು. ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರಗಳೆದ್ದುವು. ಸೇನೆಯ ವಾಹನಗಳಿಗೆ ಪೆಟ್ರೋಲು ಬೇಕಾದಂತೆಲ್ಲ ಜನರ ಬಸ್ಸು ಲಾರಿಗಳಿಗೆ ಅದು ದುರ್ಲಭವಾಯಿತು.

ಆಗ ಬಂದುದು ಇದ್ದಿಲಿನ ಅನಿಲ. ಫ್ರಾನ್ಸಿನ ಜಾರ್ಜ್ ಇಂಬೆರ್ ಮೊದಲಾದವರು ೧೯೨೦ರ ದಶಕದಲ್ಲಿ ರೂಪಿಸಿದ್ದ ಉಪಾಯವಿದು. ಲಾರಿಯ ಹಿಂಬದಿಗೋ ಪಕ್ಕಕ್ಕೋ ಕಬ್ಬಿಣದ ದೊಡ್ಡ ಒಲೆಯನ್ನು ಬಿಗಿದು, ಅದರಲ್ಲಿ ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಎಂಬ ದಹ್ಯಾನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಸೋಸಿ, ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಬಿಡುವುದು ಕ್ರಮ. ಮಧುರೆಯ ಟಿ. ವಿ. ಸುಂದರಂ ಅಯ್ಯಂಗಾರ್ ಸಂಸ್ಥೆಯವರು ಈ ಬಗೆಯ ಯಂತ್ರಗಳನ್ನು ತಯಾರಿಸಿದರು. ಮೈಸೂರು ಸಂಸ್ಥಾನಕ್ಕೆ ಇದ್ದಿಲು ಹೊಸತಲ್ಲ. ೧೯೨೩ರಲ್ಲಿ ಕೆಲಸ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿಲ್ಲದೆ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಅದಿರನ್ನು ಕರಗಿಸಿತ್ತು.

ಇದ್ದಿಲಿನ ಲಾರಿಯನ್ನು ಎಬ್ಬಿಸುವುದು ಬೇರೆಯೇ ವ್ರತ. ಹೊರಡುವುದಕ್ಕೆ ಬಹಳ ಮುಂಚೆ ಕ್ಲೀನರು ಎದ್ದು ಬೂದಿಯನ್ನು ಬಳಿದು, ಇದ್ದಿಲು ತುಂಬಿ, ಕೆಂಡವಿಟ್ಟು, ಕೈಬೀಸಣಿಗೆಯ ಯಂತ್ರವನ್ನು ತಿರುಗಿಸತೊಡಗುತ್ತಿದ್ದನು. ಕಾಲುಗಂಟೆಯ ಸುಮಾರು ತಿರುಗಿಸಿದ ಮೇಲೆ ಪರೀಕ್ಷೆಯ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದರೆ, ಅನಿಲ ನೀಲಿಯಾಗಿ ನಿಂತು ಉರಿಯಬೇಕು. ಬಳಿಕ ಉಳಿಸಿಕೊಂಡ ಬೊಗಸೆಯಷ್ಟು ಪೆಟ್ರೋಲಿನಿಂದ ಎಂಜಿನ್ನನ್ನು ಎಬ್ಬಿಸಿ, ಮೆಲ್ಲಗೆ ಅನಿಲಕ್ಕೆ ಹೊರಳಿಸಬೇಕು. ಇಲ್ಲೊಂದು ವಿಪರ್ಯಯವನ್ನು ವಾಚಕರು ಗಮನಿಸಬಹುದು. ಪೆಟ್ರೋಲ್ ಲಾರಿಗೆ ಕಾವೇ ಶತ್ರು. ಇದ್ದಿಲಿನ ಲಾರಿಗೆ ಕಾವೇ ಪ್ರಾಣ. ಬಿಸಿಯಾಗಿದ್ದಾಗ ಅದು ಸುಲಭವಾಗಿ ಏಳುವುದು, ಬಹಳ ಹೊತ್ತು ನಿಂತು ಒಲೆ ಆರಿದರೆ ಮತ್ತೆ ಮೊದಲಿನಿಂದ ಬೀಸಬೇಕು.

ಈ ಅನಿಲದಿಂದ ಎಂಜಿನ್ನಿನ ಬಲ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಕುಗ್ಗುತ್ತಿತ್ತು. ಏರಿನಲ್ಲಿ ಪ್ರಯಾಣಿಕರು ಇಳಿದು ಬಸ್ಸನ್ನು ನೂಕುತ್ತಿದ್ದ ದೃಶ್ಯ ಆ ಕಾಲದವರ ನೆನಪಿನಿಂದ ಅಳಿಯಲಿಲ್ಲ. ಅದು ನಗೆಯ ಮಾತಾಗಿ ಉಳಿದಿದೆ. ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲ ವಿಷವೆಂಬುದು ನಗೆಯ ಮಾತಲ್ಲ. ಒಲೆಯ ಬಾಯಿಗೆ ದಿನವೂ ಮುಖವೊಡ್ಡಿ ನಿಲ್ಲುತ್ತಿದ್ದವನು ಪ್ರಯಾಣಿಕನೂ ಅಲ್ಲ, ಮಾಲೀಕನೂ ಅಲ್ಲ.

೫

ಯುದ್ಧ ಮುಗಿದ ಬಳಿಕ ಸೇನೆ ಬಿಟ್ಟುಹೋದ ಫೋರ್ಡ್, ಷೆವರ್ಲೆ ಮೊದಲಾದ ಲಾರಿಗಳು ‘ಡಿಸ್ಪೋಸಲ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದುವು. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆಸಾರಿಗೆ ಇಲಾಖೆ ೧೨೦ ಬಸ್ಸುಗಳೊಡನೆ ಆರಂಭವಾಯಿತು. ರಸ್ತೆಗಳಲ್ಲಿ ವಾಹನ ಹೆಚ್ಚಿತು. ಆದರೆ ಅವುಗಳ ಎಂಜಿನ್ನುಗಳಾವುವೂ ಕನ್ನಡನಾಡಿನವಲ್ಲ. ಈ ಕೊರತೆಯನ್ನು ಬಹು ಮೊದಲೇ ಕಂಡಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿಯೇ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಮೋಟಾರು ತಯಾರಿಕೆಯ ಯೋಜನೆಯನ್ನು ಮುಂದಿಟ್ಟಿದ್ದರು. ಬ್ರಿಟಿಷ್ ಸರ್ಕಾರದ ಸಮ್ಮತಿಯಿಲ್ಲದೆ ಅದು ಬೆಂಗಳೂರಿನಲ್ಲಿ ಫಲಿಸಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಮೋಟಾರು ಸಂಸ್ಥೆ ೧೯೪೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು.

ಬೆಂಗಳೂರಿಗೆ ಲಾರಿ ಬರಲಿಲ್ಲ. ಲಾರಿಯನ್ನು ಎಬ್ಬಿಸುವ ಉಪಕರಣಗಳು ಬಂದುವು. ೧೯೫೧ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ ಮೈಕೋ ಎಂದು ಪ್ರಸಿದ್ಧವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಹೊಸೂರು ರಸ್ತೆಯ ಆಡುಗೋಡಿಯಲ್ಲಿ ನೆಲೆಗೊಂಡಿತು. ಅಲ್ಲಿ ಪೆಟ್ರೋಲ್ ಎಂಜಿನ್ನಿಗೆ ಬೇಕಾದ ಕಿಡಿಯ ಪ್ಲಗ್ಗುಗಳು ತಯಾರಾದುವು. ಡೀಸೆಲ್ ಎಂಜಿನ್ನಿಗೆ ಬೇಕಾದ ಇಂಧನದ ಪಂಪುಗಳೂ ತಯಾರಾದುವು. ಪೆಟ್ರೋಲ್ ಲಾರಿಯ ಆಯುಸ್ಸನ್ನು ಬೆಳೆಸುವ ವಸ್ತುವೂ ಅದನ್ನು ಮುಗಿಸುವ ವಸ್ತುವೂ ಒಂದೇ ಕಾರ್ಖಾನೆಯಿಂದ ಹೊರಟುವು.

ಮುಗಿಸಿದುದು ಡೀಸೆಲೇ. ೧೯೫೪ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಲಾರಿಗಳು ಹೊರಬಂದುವು. ಮದರಾಸಿನ ಸಿಂಪ್ಸನ್ ಸಂಸ್ಥೆಯವರ ಪರ್ಕಿನ್ಸ್ ಡೀಸೆಲ್ ಎಂಜಿನ್ನುಗಳು ಹಳೆಯ ಪೆಟ್ರೋಲ್ ಲಾರಿಗಳ ಒಡಲಿಗೂ ಸೇರಿದುವು. ಡೀಸೆಲಿಗೆ ಕಾರ್ಬುರೇಟರಿಲ್ಲ, ಚೋಕಿಲ್ಲ, ಕಿಡಿಯಿಲ್ಲ. ಬಾನೆಟ್ಟಿನ ಕಾವಿಗೆ ಅದು ಕುದಿಯುವುದೂ ಇಲ್ಲ. ಆದರೆ ಅದು ಹದಿನಾರು ಹದಿನೇಳು ಪಟ್ಟು ಒತ್ತಿದ ಗಾಳಿಯ ಕಾವಿನಿಂದಲೇ ಹೊತ್ತಿಕೊಳ್ಳಬೇಕಾದುದರಿಂದ ಅಂಥ ಆರು ಸಿಲಿಂಡರಿನ ಎಂಜಿನ್ನನ್ನು ತೋಳಿನಿಂದ ತಿರುಗಿಸುವುದು ಮನುಷ್ಯಸಾಧ್ಯವಾಗಿರಲಿಲ್ಲ. ಬಲವಾದ ಬ್ಯಾಟರಿಯೂ ಸೆಲ್ಫೂ ಅನಿವಾರ್ಯವಾದುವು. ಮಾಲೀಕನ ದಯೆಯಿಂದಲ್ಲ, ಎಂಜಿನ್ನಿನ ಹಟದಿಂದ ಹುಡುಗನ ಕೈಯಿಂದ ಹ್ಯಾಂಡಲ್ ಬಿದ್ದುಹೋಯಿತು.

ಅಷ್ಟು ಹೊತ್ತಿಗೆ ಕಾಯಿದೆಯೂ ಅವನನ್ನು ಕಂಡಿತು. ೧೯೩೯ರ ಮೋಟಾರು ವಾಹನಗಳ ಕಾಯಿದೆಯ ಪದ್ಧತಿಯಲ್ಲಿ ಮಾಲೀಕನಿಗೆ ರಹದಾರಿಯಿತ್ತು, ಚಾಲಕನಿಗೆ ಲೈಸೆನ್ಸಿತ್ತು. ಕ್ಲೀನರಿಗೆ ಅಂಥ ಯಾವ ಕಾಗದವೂ ಇರಲಿಲ್ಲ. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಚಾಲಕ, ನಿರ್ವಾಹಕರ ಜೊತೆಯಲ್ಲಿ ಕ್ಲೀನರನ್ನೂ ಹೆಸರಿಸಿ ಕಾರ್ಮಿಕನೆಂದು ಗಣಿಸಿತು. ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ವಿಧಿಸಿತು. ಮಕ್ಕಳನ್ನು ಈ ಕೆಲಸಕ್ಕೆ ತೊಡಗಿಸುವುದನ್ನು ನಿಷೇಧಿಸಿತು. ಅವನ ಕಠಿಣತಮ ಕೆಲಸ ಮುಗಿಯುತ್ತ ಬಂದಾಗ ಅವನ ಹೆಸರು ಪುಸ್ತಕಕ್ಕೆ ಬಂದಿತು.

೬

ಇಷ್ಟರಲ್ಲಿ ಆ ದಾರಿಗಳ ಬದಿಯೂ ಬದಲಾಗತೊಡಗಿತ್ತು. ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. ೧೯೭೦ರ ದಶಕದಲ್ಲಿ ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶವಾಗಿ ಬೆಳೆದು, ಅಲ್ಲಿಯ ನೂರಾರು ಸಣ್ಣ ಕಾರ್ಖಾನೆಗಳು ಮೋಟಾರಿನ ಬಿಡಿಭಾಗಗಳನ್ನು ಕಡೆಯತೊಡಗಿದುವು. ಹೊಸೂರು ರಸ್ತೆಯಲ್ಲಿ ೧೯೭೮ರಲ್ಲಿ ಆರ್. ಕೆ. ಬಾಳಿಗರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆ ೩೩೨ ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ೧೯೯೮ರಲ್ಲಿ ಹಳೆಯ ಮದರಾಸು ರಸ್ತೆಯ ಹೊಸಕೋಟೆಯ ಬಳಿ ವೋಲ್ವೋ ಲಾರಿಯ ಕಾರ್ಖಾನೆ ತೆರೆಯಿತು.

ಈಗಿನ ಎಂಜಿನ್ನು ತನ್ನ ನೀರಿನ ಉಷ್ಣಮಾನವನ್ನು ತಾನೇ ಅಳೆದು, ಗಾಳಿಯ ಒತ್ತಡವನ್ನು ತಿಳಿದು, ಎಷ್ಟು ಇಂಧನ ಬೇಕೆಂಬುದನ್ನು ಒಳಗಿನ ಪುಟ್ಟ ಗಣಕದಿಂದ ಲೆಕ್ಕ ಹಾಕಿಕೊಳ್ಳುತ್ತದೆ. ತಣ್ಣಗಿದ್ದರೆ ಹೆಚ್ಚು, ಬಿಸಿಯಿದ್ದರೆ ಕಡಮೆ, ಎತ್ತರಕ್ಕೇರಿದರೆ ಇನ್ನಷ್ಟು ಕಡಮೆ. ಮೈಕೋ ಸಂಸ್ಥೆ ೨೦೦೮ರಲ್ಲಿ ಬಾಷ್ ಎಂಬ ಹೆಸರನ್ನೇ ತಳೆಯಿತು. ಅದೇ ಮನೆತನದ ತಂತ್ರಾಂಶದ ಕಚೇರಿಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿವೆ. ಒಂದು ಕಾಲದಲ್ಲಿ ಹೊಸೂರು ರಸ್ತೆಯ ಮೇಲೆ ಹುಡುಗನೊಬ್ಬ ಕಿವಿಯಿಂದಲೂ ಮೂಗಿನಿಂದಲೂ ಮಾಡುತ್ತಿದ್ದ ನಿರ್ಣಯ, ಇಂದು ಅದೇ ರಸ್ತೆಯ ಬದಿಯಲ್ಲಿ ಅಂಕೆಗಳ ಕೋಷ್ಟಕವಾಗಿ ಬರೆಯಲ್ಪಡುವ ಬಗೆಯದು. ವಿದ್ಯೆ ನಾಶವಾಗಲಿಲ್ಲ, ಕೈಯಿಂದ ಯಂತ್ರಕ್ಕೆ ವರ್ಗವಾಯಿತು.

ಈ ವರ್ಗಾವಣೆಯನ್ನು ಶೋಕಿಸುವುದು ಉಚಿತವಲ್ಲ. ಮುಂಗೈ ಮುರಿಯುತ್ತಿದ್ದ ಹ್ಯಾಂಡಲನ್ನೂ ವಿಷದ ಒಲೆಯನ್ನೂ ಮರಳಿ ಬಯಸುವವನು ಅವುಗಳ ಮುಂದೆ ನಿಂತವನಾಗಿರಲಾರನು. ಆದರೆ ಲಾಭವನ್ನು ಒಪ್ಪುವವರು ಸಾಲವನ್ನೂ ಒಪ್ಪಬೇಕು. ತಣ್ಣನೆಯ ಎಂಜಿನ್ನಿಗೆ ಹೆಚ್ಚು, ಬಿಸಿಯ ಎಂಜಿನ್ನಿಗೆ ಕಡಮೆ ಎಂಬ ನಿಯಮವನ್ನು ದಿನದಿನವೂ ಮೈಯೊಡ್ಡಿ ಪರೀಕ್ಷಿಸಿದವರು ಅಕ್ಷರವರಿಯದ ಈ ದುಡಿಮೆಗಾರರು. ಅವರನ್ನು ಸಹಾಯಕರೆಂದು ಕರೆದು ಸುಮ್ಮನಾಗುವುದು ಕೃತಜ್ಞತೆಯ ಲಕ್ಷಣವಲ್ಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಮೋಟಾರುಗಾಡಿಗಳನ್ನು ಆದರದಿಂದ ಕಾಪಾಡಿದ್ದಾರೆ. ಆ ಗಾಡಿಗಳನ್ನು ಎಬ್ಬಿಸಿದ ಕೈಗಳ ವಿದ್ಯೆಗೆ ಇನ್ನೂ ಸಂಗ್ರಹಾಲಯವಿಲ್ಲ. ಒದ್ದೆಯ ಗೋಣಿಬಟ್ಟೆಯ ಗುಟ್ಟನ್ನೂ ಹೆಬ್ಬೆರಳಿನ ಪಾಠವನ್ನೂ ಬಲ್ಲ ಮುದುಕರು ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿಯೂ ಹೆದ್ದಾರಿಗಳ ಬದಿಯ ದುರಸ್ತಿಯಂಗಡಿಗಳಲ್ಲಿಯೂ ಇನ್ನೂ ಕೆಲವರಿದ್ದಾರೆ. ಶಾಸನಕಲ್ಲುಗಳಾದರೆ ಇನ್ನೂ ನೂರು ವರ್ಷ ಕಾಯಬಲ್ಲವು, ಇವರು ಕಾಯಲಾರರು. ಅವರ ಮಾತನ್ನು ಅವರ ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳುವ ಕೆಲಸ ಜಿಲ್ಲೆಯ ಸಾಹಿತ್ಯಸಂಘಗಳಿಗೆ ಸಲ್ಲತಕ್ಕದ್ದು. ಅದು ಈಗಲೇ ಆಗಬೇಕಾದದ್ದು.